ಒರೆಸಿದ ಉಕ್ಕು

“ಸರ, ಆ ಗದಗಿನ ಹುಡುಗಿ ಕೈ ಮುರಕೊಂಡಾಳಂತ್ರಿ! ಸ್ಕೂಟಿ ಮ್ಯಾಲಿಂದ ಬಿದ್ದು! ಅಯ್ಯ, ಪಾಪ, ನಗಬಾರ್ದು ನಾನು, ಆದ್ರೂ ಸರ... ಆಕಿ ಜಾಗಾಕ ನನ್ನ ಹೆಸರ ಬಂದೈತ್ರಿ! ನಾಡದ ಬೆಳಗಾವ್ಯಾಗ ಟ್ರಯಲ್ಸ್! ಸರ, ಕೇಳಾಕತ್ತೀರಿಲ್ರಿ?”

ಸಂಗನಬಸವ ಕೇಳುತ್ತಿದ್ದ. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿಹಿಡಿದು, ಪಡಸಾಲೆಯ ನೆಲದ ಮೇಲೆ ಕಾಲು ಚಾಚಿ ಕೂತು, ತೊಡೆಗಳ ಸಂದಿಯಲ್ಲಿ ಬಂದೂಕಿನ ಮರದ ಭಾಗವನ್ನು ಸಿಕ್ಕಿಸಿಕೊಂಡು, ಎರಡೂ ಕೈಯಿಂದ ಅದರ ನಳಿಗೆಯನ್ನು ಮೇಲಕ್ಕೆ ಎಳೆಯುತ್ತ ಕೇಳುತ್ತಿದ್ದ. ಎದ್ದಾಗಿನಿಂದ ಎಳೆಯುತ್ತಿದ್ದ. ಅಂಗೈ ಕೆಂಪಾಗಿ ಉರಿಯುತ್ತಿತ್ತು. ಹುಡುಗಿಯ ದನಿ ಕಿವಿಯೊಳಗೆ ಚುರುಮುರಿ ಹುರಿದಂತೆ ಸಿಡಿಯುತ್ತಿತ್ತು. ಈಗ ಏನಾದರೂ ಅನ್ನಬೇಕು, ಭಲೇ ಅನ್ನಬೇಕು ಅಂತ ಅವನಿಗೆ ಗೊತ್ತಿತ್ತು. “ಭಲೇ” ಅಂದ. ಅಂದಮೇಲೆ ಆ ಮಾತು ತನ್ನ ಬಾಯಿಂದಲ್ಲ, ಬಾಜೂ ಮನೆಯ ರೇಡಿಯೋದಿಂದ ಬಂತೇನೋ ಅನ್ನಿಸಿತು.

“ಅಷ್ಟನ್ರೀ? ಬರೇ ಭಲೇ? ನಾ ಇಲ್ಲಿ ಕುಣದ ಕುಣದ ನಮ್ಮವ್ವನ ಕಡೆ ಬೈಸ್ಕೊಂಡೀನಿ.”

“ಖುಷಿ ಆಗೇತಿ ನೇತ್ರಾ. ಖುಷೀನ ಆಗೇತಿ.”

“ಬಂದೂಕ ಹೊಸಾ ಕಟಗ್ಯಾಗ ಕುಂತತೇನ್ರಿ ಮತ್ತ?”

ಸಂಗನಬಸವ ಎಳೆಯುವುದನ್ನು ನಿಲ್ಲಿಸಿದ. “ಕುಂತೈತಿ” ಅಂದ.

ಸುಳ್ಳಲ್ಲ. ಕುಂತಿತ್ತು, ಇನ್ನು ಏಳದ ಹಾಗೆ ಕುಂತಿತ್ತು. ಫೋನ್ ಇಟ್ಟಮೇಲೂ ಬಹಳ ಹೊತ್ತು ಅವನು ಹಾಗೇ ನಳಿಗೆ ಹಿಡಿದುಕೊಂಡು ಕೂತಿದ್ದ. ಪಾಯಿಂಟ್ ಟೂಟೂ ಬಂದೂಕು, ನಿಶಾನೆಬಾಜಿಗೆ ಅಂತಲೇ ಮಾಡಿದ್ದು, ಅವನ ಲೈಸನ್ಸಿನ ಮೇಲೆ ಇರುವಂಥದ್ದು. ನಳಿಗೆ ಒನಕೆಯಷ್ಟು ದಪ್ಪ, ಒನಕೆಯಷ್ಟೇ ಭಾರ. ಗುಂಡು ಮಾತ್ರ ಕಡಲೆಕಾಳಿನಷ್ಟು. ಅವನ ಹತ್ತಿರ ನಿಶಾನೆಬಾಜಿ ಕಲಿಯಲು ಬಂದು ಮೊದಲ ಸಲ ಎತ್ತಿಕೊಂಡ ದಿನ ನೇತ್ರಾ “ಸರ, ಇದನ್ನ ಹೊತಗೊಂಡ ಹೋಗಾಕ ಒಂದ ಎತ್ತ ಬೇಕ್ರಿ” ಅಂದಿದ್ದಳು. ಅದರ ಹಳೆಯ ಮರದ ಮೈ ಗಂಡಸರ ಅಳತೆಯದ್ದು. ಅವಳ ಕೆನ್ನೆ ಅದರ ಮೇಲೆ ನಿಲ್ಲುತ್ತಿರಲಿಲ್ಲ, ಕತ್ತು ಚಾಚಿ ಚಾಚಿ ನೋಯುತ್ತಿತ್ತು. ಅದಕ್ಕೇ ಬೆಳಗಾವಿಯ ಶೂಟರ್ ಒಬ್ಬನಿಗೆ ಹಳೆಯದನ್ನು ಕೊಟ್ಟು, ಬದಲಿಗೆ ಈ ಪದರ ಪದರದ ಮರದ ಸ್ಟಾಕ್ ತಂದಿದ್ದ. ಕೆನ್ನೆ ಇಡುವ ಜಾಗವನ್ನು ಮೇಲೆ ಕೆಳಗೆ ಮಾಡಬಹುದು, ಭುಜದ ಕಡೆ ಉದ್ದ ಗಿಡ್ಡ ಮಾಡಬಹುದು. ಆದರೆ ಬೇರೆ ಯಾರದೋ ಬಂದೂಕಿಗೆ ಕೊರೆದ ಕುಣಿ ಅದು. ಇವನ ಬಂದೂಕಿನ ಉಕ್ಕು ಅದರಲ್ಲಿ ಅಪ್ಪನ ಚಪ್ಪಲಿ ಹಾಕಿಕೊಂಡ ಮಗುವಿನ ಕಾಲಿನಂತೆ ಅಲ್ಲಾಡುತ್ತಿತ್ತು. ಉಕ್ಕು ಅಲ್ಲಾಡಿದರೆ ಗುಂಡು ಒಂದೊಂದು ಸಲ ಒಂದೊಂದು ಕಡೆ. ಅದಕ್ಕೆ ಮದ್ದು ಎಂದರೆ ಬೆಡ್ಡಿಂಗ್: ಕುಣಿಯೊಳಗೆ ಎಪಾಕ್ಸಿ ಅಂಟು ಕಲಸಿ ಸುರಿದು, ಉಕ್ಕನ್ನು ಅದರ ಮೇಲೆ ಒತ್ತಿ ಕೂರಿಸಿ, ಗಟ್ಟಿಯಾಗಲು ಬಿಡಬೇಕು. ಆಗ ಕುಣಿ ಉಕ್ಕಿನದೇ ಅಚ್ಚಾಗುತ್ತದೆ. ಮುನ್ನ ಉಕ್ಕಿನ ಮೈಗೆಲ್ಲ ಮೇಣ ಸವರಿರಬೇಕು, ಎಪಾಕ್ಸಿ ಅದನ್ನು ಕಚ್ಚದಿರಲಿ ಅಂತ. ಮಾರನೆಯ ದಿನ ಒಂದು ಏಟು ಕೊಟ್ಟರೆ ಟಪ್ ಅಂತ ಎದ್ದು ಬರುತ್ತದೆ. ಬರಬೇಕು.

ನೇತ್ರಾಳ ಹೆಸರು ಆಯ್ಕೆಯ ಟ್ರಯಲ್ಸಿನ ಬದಲಿ ಪಟ್ಟಿಯಲ್ಲಿತ್ತು. ಈ ವರ್ಷ ಮುಗಿಯಿತು ಅಂತ ಅವಳೂ ಅಂದುಕೊಂಡಿದ್ದಳು, ಇವನೂ. ಮುಗಿಯಿತು ಅಂತಲೇ ಇವನು ಬಂದೂಕು ಬಿಚ್ಚಿದ್ದು, ಅದರ ಟ್ರಿಗರ್ ಕಳಚಿ ಸ್ಟೀಲಿನ ಡಬ್ಬಿಯಲ್ಲಿ ಹಾಕಿಟ್ಟದ್ದು, ಟ್ರಿಗರಿನ ಸಂದಿಗೆ ಎಪಾಕ್ಸಿ ಹರಿಯದಿರಲಿ ಅಂತ ಅವ್ವ ಚಪಾತಿಗೆ ನಾದಿಟ್ಟ ಕಣಕ ತುಂಬಿದ್ದು. ಈಗ ಉಕ್ಕನ್ನು ಹೊರಗೆ ತೆಗೆಯದೆ ಟ್ರಿಗರ್ ಕೂಡಿಸುವಂತಿಲ್ಲ. ಟ್ರಿಗರ್ ಇಲ್ಲದ ಬಂದೂಕು ಒನಕೆಗಿಂತ ಕಡೆ. ಒನಕೆಯಿಂದ ಕುಟ್ಟಲಾದರೂ ಆಗುತ್ತದೆ.

ಬೇರೆ ಬಂದೂಕು? ಧಾರವಾಡದ ಕಡೆಯ ಗೆಳೆಯನಿಗೆ ಫೋನ್ ಹಚ್ಚಿದ. ಅವನ ಕಡೆ ಇದ್ದದ್ದೊಂದನ್ನು ಅವನ ಮಗನೇ ಟ್ರಯಲ್ಸಿಗೆ ಒಯ್ಯುವವನಿದ್ದ. ಇನ್ನೊಬ್ಬರಿಗೆ ಹಚ್ಚಿದ. “ಏನ್ರಿ ಮಾಸ್ತರ, ನಾಡದ ಟ್ರಯಲ್ಸ್, ಇವತ್ತ ಬಂದೂಕ ಕೇಳ್ತೀರಲ್ಲ, ಲಗ್ನದ ಹಿಂದಿನ ದಿನ ಹೆಣ್ಣ ಕೇಳಿದಂಗಾತು” ಅಂತ ಅವರು ನಕ್ಕರು. ಸಂಗನಬಸವನೂ ನಕ್ಕ. ಅವರು ನಗುವುದನ್ನು ಮುಗಿಸಿದ ಮೇಲೂ ಇವನು ಸ್ವಲ್ಪ ಹೆಚ್ಚೇ ನಕ್ಕು, ನಾಚಿ, ಫೋನ್ ಇಟ್ಟ.

ಒಳಗಿನಿಂದ ಅವ್ವ ಮಲ್ಲಕ್ಕ ಬಂದಳು. ಹಣೆಗೆ ಹಚ್ಚಿದ ವಿಭೂತಿ ಇನ್ನೂ ಹಸಿಯಾಗಿತ್ತು. “ಬಿಡತೇನೋ?” ಅಂದಳು, ಹಲ್ಲುನೋವಿನ ಬಗ್ಗೆ ಕೇಳುವಂತೆ. “ಬಿಡವಲ್ದು.” “ಬಿಡತೈತಿ ತಗೋ. ವಿಭೂತಿ ಹಚ್ಚೇನಿ ಅದಕ್ಕ.” ಹೇಳಿ, ಬಾಗಿ, ಬಂದೂಕಿನ ಮೈಯನ್ನು ಬೆರಳ ತುದಿಯಿಂದ ಮುಟ್ಟಿ, ಕಣ್ಣಿಗೊತ್ತಿಕೊಂಡು ಹಿತ್ತಲಿಗೆ ಹೋದಳು. ಅವಳ ಬೆನ್ನನ್ನು ನೋಡಲಾಗದೆ ಅವನು ಮತ್ತೆ ನಳಿಗೆಗೆ ಕೈ ಹಾಕಿದ.

ಯಾಕೆಂದರೆ ಅವನು ನೋಡಿದ್ದ. ನಿನ್ನೆ ಸಂಜೆ ಉಕ್ಕಿನ ಮೈಗೆಲ್ಲ ಬೂಟ್ ಪಾಲಿಶ್ ತಿಕ್ಕಿ, ಒಣಗಿಸಿ, ಮತ್ತೆ ತಿಕ್ಕಿ, ಪೇಪರಿನ ಮೇಲೆ ಮಲಗಿಸಿದ್ದ. ಮೇಣಕ್ಕಿಂತ ಬೂಟ್ ಪಾಲಿಶೇ ಛಲೋ ಅಂತ ಅವನಿಗೆ ಯಾರೋ ಹೇಳಿದ್ದರು, ನಿಜವೂ ಹೌದು. ಹಿತ್ತಲ ಕಟ್ಟೆಯ ಮೇಲೆ ತಗಡಿನ ಮುಚ್ಚಳದಲ್ಲಿ ಎಪಾಕ್ಸಿ ಕಲಸಿಕೊಂಡು ಒಳಬಂದರೆ, ಅವ್ವ ಬಂದೂಕಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಮನೆಯಲ್ಲಿ ಯಾವ ಕಬ್ಬಿಣದ ಕೆಲಸವಿರಲಿ, ಕುಡಗೋಲಿಗೆ ಹೊಸ ಹಿಡಿಕೆ ಹಾಕುವುದಿರಲಿ, ಗಾಡಿಗೆ ಹೊಸ ಟೈರಿರಲಿ, ಶುರುಮಾಡುವ ಮುನ್ನ ಅವಳು ಬಂದು ಮೂರು ಬೆರಳು ವಿಭೂತಿ ಎಳೆಯುವಳು. ಅದು ಅವಳ ಪಾಲಿನ ಕೆಲಸ, ಅವನು ಹುಟ್ಟುವ ಮುಂಚಿನಿಂದ. ನಿನ್ನೆ ಮಾತ್ರ ವಿಭೂತಿ ಗಟ್ಟಿಯನ್ನು ಕೈಯಲ್ಲಿ ಹಿಡಿದು ಮೂಗು ಮುರಿದಿದ್ದಳು. “ಇದೇನೋ, ಚಪ್ಪಲಿಗೆ ತಿಕ್ಕೂದನ್ನ ತಂದು ಆಯುಧಕ್ಕ ಬಳದೀಯಲ್ಲ! ಇದರ ಮ್ಯಾಲೆ ಹೆಂಗ ಹಚ್ಚಲಿ ಶಿವನ ಬೂದಿ?” ಮತ್ತೆ ಏನೋ ಅಂದಳು. ಏನೋ ಕೇಳಿದಳು. ಸೀಮೆಎಣ್ಣೆಯ ಬಟ್ಟೆ ತಂದು ಒರೆಸಿದಳು. ಅಡಿಗೆಮನೆಯ ಹಿತ್ತಾಳೆ ತಂಬಿಗೆ ತಿಕ್ಕುವ ಕೈ ಅದು, ಒಂದು ಸಂದಿ ಬಿಡದೆ ಒರೆಸಿದಳು. ಬಟ್ಟೆ ಕಪ್ಪಗಾಯಿತು, ಉಕ್ಕು ಬೆಳ್ಳಗಾಯಿತು. ಮೂರು ಗೆರೆ ಎಳೆದಳು. ಅವನು ಬಾಗಿಲಲ್ಲಿ ನಿಂತಿದ್ದ. ಮುಚ್ಚಳದ ತಳ ಅಂಗೈಗೆ ಬಿಸಿಯಾಗುತ್ತಿತ್ತು. ಕಲಸಿದ ಎಪಾಕ್ಸಿ ತಾನೇ ಕಾಯುತ್ತದೆ, ಕಾದಮೇಲೆ ಬಹಳ ಹೊತ್ತು ತಡೆಯುವುದಿಲ್ಲ. ಅಷ್ಟರಲ್ಲಿ ‘ಅವ್ವಾ, ಬ್ಯಾಡ’ ಅಂದಿದ್ದರೆ? ಅಂದು, ಇನ್ನೊಮ್ಮೆ ಪಾಲಿಶ್ ತಿಕ್ಕಿದ್ದರೆ? ಕಲಸಿದ್ದು ಹಾಳಾಗುತ್ತಿತ್ತು, ಇನ್ನೊಮ್ಮೆ ಕಲಸಬೇಕಾಗುತ್ತಿತ್ತು, ಅಷ್ಟೆ. ಅಂದಿರಲಿಲ್ಲ. ಅವ್ವ ಎದ್ದುಹೋದಮೇಲೆ ಕುಣಿಗೆ ಎಪಾಕ್ಸಿ ಸುರಿದು, ಮೂರು ಬಿಳಿ ಗೆರೆಗಳಿದ್ದ ಆ ಬೋಳು ಉಕ್ಕನ್ನು ತಂದು ಅದರ ಮೇಲೆ ಕೂರಿಸಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದು, ಅಂಚಿನಲ್ಲಿ ಉಕ್ಕಿ ಬಂದದ್ದನ್ನು ಬೆರಳಿಂದ ನೀಟಾಗಿ ಒರೆಸಿದ್ದ. ಬಹಳ ನೀಟಾಗಿ.

ಯಾಕೆ ಅನ್ನಲಿಲ್ಲ ಎಂಬುದಕ್ಕೆ ಅವನ ಹತ್ತಿರ ಬೆಳಗಿನಿಂದ ಉತ್ತರಗಳು ಬಂದು ಬಂದು ಹೋಗುತ್ತಿದ್ದವು. ಅವ್ವನ ಮನಸ್ಸು ನೋಯಿಸಬಾರದು ಅಂತ. ಸೀಮೆಎಣ್ಣೆಯ ಜಿಡ್ಡೇ ಸಾಕಾದೀತು ಅಂತ. ಎಪಾಕ್ಸಿ ಕಾಯುತ್ತಿತ್ತು, ಅವಸರವಿತ್ತು ಅಂತ. ಪ್ರತಿಯೊಂದೂ ಬಾಗಿಲಲ್ಲಿ ನಿಂತ ಬೀಗರಂತೆ ಮರ್ಯಾದೆಯಾಗಿ ಕಾಣುತ್ತಿತ್ತು, ಒಳಗೆ ಕರೆದು ಕೂರಿಸಿದರೆ ಮಾತ್ರ ಒಂದಕ್ಕೂ ಹೇಳಲು ಮಾತಿರಲಿಲ್ಲ.

ತಣ್ಣಗೆ ಮಾಡಿದರೆ ಉಕ್ಕು ಕುಗ್ಗುತ್ತದೆ, ಆಗ ಬಿಟ್ಟರೂ ಬಿಟ್ಟೀತು ಅಂತ ನೆನಪಾದದ್ದು ಚಹಾ ಕುಡಿಯುವಾಗ. ತಮ್ಮೂರು ಮಿಶ್ರಿಕೋಟಿಯಲ್ಲಿ ಅಷ್ಟು ತಣ್ಣಗೆ ಮಾಡುವ ಪೆಟ್ಟಿಗೆ ಇದ್ದದ್ದು ಇಮಾಮುದ್ದೀನನ ಕೋಲ್ಡ್ರಿಂಕ್ಸ್ ಅಂಗಡಿಯಲ್ಲಿ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಕಲಿತವರು. ಬಂದೂಕನ್ನು ಹೊದೆಯುವ ಕೌದಿಯಲ್ಲಿ ಸುತ್ತಿ, ಗಾಡಿಯ ಮೇಲೆ ಅಡ್ಡ ಇಟ್ಟುಕೊಂಡು ಹೋದ. ದಾರಿಯಲ್ಲಿ ಪಂಚಾಯ್ತಿ ಕಟ್ಟೆಯಿಂದ ಯಾರೋ “ಏನ್ ಮಾಸ್ತರ, ಯಾರನ್ನ ಮಲಗಿಸ್ಕೊಂಡ ಹೊಂಟೀರಿ?” ಅಂದರು. ಇವನು ಗಾಡಿ ನಿಲ್ಲಿಸಲಿಲ್ಲ.

“ಬಂದೂಕ ಫ್ರಿಜ್ಜಿನ್ಯಾಗ?” ಇಮಾಮುದ್ದೀನ ಹೊಟ್ಟೆ ಹಿಡಿದುಕೊಂಡು ನಕ್ಕ. “ಲೇ ಸಂಗ್ಯಾ, ಜ್ವರ ಬಂದಾವೇನಲೇ ಅದಕ್ಕ?”

“ನಗಬ್ಯಾಡಲೇ. ನಾಡದ ಟ್ರಯಲ್ಸ್ ಐತಿ.”

“ಆ ಹೊಳೆಪ್ಪನ ಮಗಳು ನೇತ್ರಾಳದ? ಆತಿಡು ಹಂಗಾರ. ತಡಿ, ಕುಲ್ಫಿ ಬಾಜೂಕ ಸರಿಸ್ತೇನಿ.”

ಪೆಟ್ಟಿಗೆಗಿಂತ ಬಂದೂಕು ಉದ್ದವಿತ್ತು. ನಳಿಗೆಯ ತುದಿ ಹೊರಗೇ ಉಳಿಯಿತು. ಮುಚ್ಚಳ ಅರ್ಧ ತೆರೆದೇ ನಿಂತಿತು. ಸಂದಿಗೆ ಹಸಿ ಗೋಣಿತಾಟು ತುರುಕಿದರು. ಒಳಗಿನಿಂದ ಬಂದ ಇಮಾಮುದ್ದೀನನ ತಾಯಿ ಜುಲೇಖಾಬಿ ಎರಡೂ ಕೈ ಸೊಂಟದ ಮೇಲಿಟ್ಟು ನೋಡಿದಳು. “ಯಾ ಅಲ್ಲಾ! ಕುಲ್ಫಿ ಕರಗಿದ್ರ ಯಾರ ಮ್ಯಾಲೆ ಹಾರಿಸ್ತೀರಪಾ ಗುಂಡು, ನನ್ನ ಮ್ಯಾಲೇನು?” ಅಂದಳು. ಆಮೇಲೆ ಸಂಗನಬಸವನ ಮುಖ ನೋಡಿ ದನಿ ಇಳಿಸಿ, “ಕುಂದ್ರು ಬೇಟಾ. ಉಂಡೀಯಿಲ್ಲೋ?” ಅಂದಳು. ಉಂಡೇನಿ ಅಂದ. ಉಂಡಿರಲಿಲ್ಲ.

ಲೈಸನ್ಸಿನ ಬಂದೂಕು, ಬಿಟ್ಟು ಹೋಗುವಂತಿಲ್ಲ. ಪೆಟ್ಟಿಗೆಯ ಬಾಜೂ ಸೋಡಾ ಕ್ರೇಟಿನ ಮೇಲೆ ಕೂತ. ಪೆಟ್ಟಿಗೆ ಗುಂಯ್ ಅನ್ನುತ್ತಿತ್ತು. ಗೋಣಿತಾಟಿನ ಸಂದಿಯಿಂದ ಬಿಳಿ ಹೊಗೆಯಂತೆ ತಂಪು ಇಳಿದು ಅವನ ಮೊಣಕಾಲಿಗೆ ತಾಕುತ್ತಿತ್ತು. ಇದೇ ತಂಪು, ಇಂಥದೇ ತಂಪು, ಹುಬ್ಬಳ್ಳಿಯಲ್ಲಿ ಹಿಂದೊಮ್ಮೆ ಬಹುಮಾನ ಕೊಟ್ಟ ದಿನ ಎಸಿ ಹಾಕಿದ ಸಭಾಂಗಣದಲ್ಲಿ ಇತ್ತು. ನೇತ್ರಾಳ ಕೊರಳಿಗೆ ಪದಕ ಹಾಕಿದ್ದರು. ಹಾರ ಹಿಡಿದವರು, ಶಾಲು ಹಿಡಿದವರು, ಯಾರ ಯಾರೋ ಅವಳ ಬಾಜೂ ಬಂದು ನಿಂತರು. ಇವನು ಬಂದೂಕು ಹಿಡಿದು ಅವಳ ಹಿಂದೆಯೇ ನಿಂತಿದ್ದ. ಒಗೆದ ಬಿಳಿ ಅಂಗಿ ಹಾಕಿಕೊಂಡು ಹೋಗಿದ್ದ. ಫೋಟೋದವನು ಕ್ಯಾಮೆರಾದಿಂದ ತಲೆ ಎತ್ತಿ, “ಕಾಕಾ, ನೀವೊಂದೀಟು ಬಾಜೂಕ ಸರೀರಿ, ಬಂದೂಕ ಅಷ್ಟ ಕೊಡ್ರಿ ಆಕಿ ಕೈಯಾಗ” ಅಂದ. ಬಂದೂಕು ಕೊಟ್ಟ. ಸರಿದ. ಸರಿದು ನಿಂತ ಜಾಗದಲ್ಲಿ ಊಟದ ತಟ್ಟೆಗಳ ಬುಟ್ಟಿ ಇತ್ತು. ನೇತ್ರಾ ನಗುತ್ತಿದ್ದಳು, ಬಂದೂಕನ್ನು ಎದೆಗೆ ಅವುಚಿಕೊಂಡು. ಯಾರೋ ಮೈಕು ಹಿಡಿದು ಕೇಳಿದರು, ಬಂದೂಕು ಯಾರದು ಅಂತ. “ನಮ್ಮ ಸರದ್ರಿ. ಆದ್ರ ಅದು ಮಾತಾಡೂದು ನನ್ನ ಕೂಡ ಅಷ್ಟ!” ಎಲ್ಲರೂ ನಕ್ಕರು. ಅವನೂ ನಕ್ಕ. ಒಳ್ಳೆಯ ಹುಡುಗಿ, ಮನಸ್ಸಿನಲ್ಲಿ ಏನೂ ಇಟ್ಟುಕೊಂಡು ಅಂದ ಮಾತಲ್ಲ. ಅವಳು ದಿನಕ್ಕೆ ಅಂಥ ಮಾತು ನೂರು ಆಡುವಳು, ನೂರೂ ಮರೆಯುವಳು. ವಾಪಸು ಬರುವಾಗ ಬಸ್ಸಿನಲ್ಲಿ ಅವನ ಭುಜಕ್ಕೆ ತಲೆ ತಾಗಿದ್ದೂ ಗೊತ್ತಿಲ್ಲದೆ ನಿದ್ದೆ ಮಾಡಿದಳು. ಇವನು ಇಳಿಯುವ ಊರು ಬರುವವರೆಗೂ ಭುಜ ಅಲ್ಲಾಡಿಸಲಿಲ್ಲ. ಮಾರನೆಯ ದಿನ ಒಬ್ಬನೇ ಹೊಲದ ಒಡ್ಡಿನ ಹತ್ತಿರ ಹೋಗಿ, ಅದೇ ಬಂದೂಕಿನಿಂದ, ಒಂದು ಗುರಿಯ ಕಾರ್ಡಿಗೆ ಹೊಡೆದ. ಉಸಿರು ಬಿಗಿಹಿಡಿದು, ಜೀವಮಾನದಲ್ಲಿ ಕಲಿತದ್ದನ್ನೆಲ್ಲ ಕೂಡಿಸಿ ಹೊಡೆದ. ಗುಂಡುಗಳು ಕಾರ್ಡಿನ ಮೇಲೆ ಎರಚಿದ ಜೋಳದಂತೆ ಬಿದ್ದವು. ಕಾರ್ಡನ್ನು ನಾಲ್ಕಾಗಿ ಹರಿದು, ಹರಿದದ್ದನ್ನು ಮಣ್ಣಿನಲ್ಲಿ ಹೂತು, ಹೂತಮೇಲೆ ಸುತ್ತ ನೋಡಿದ, ಯಾರಾದರೂ ನೋಡಿದರೇನೋ ಅಂತ.

ಅದಕ್ಕೇ ಏನು? ಅದಕ್ಕೇ ಬಾಗಿಲಲ್ಲಿ ಬಾಯಿ ಕಟ್ಟಿತೇನು? ಛೆ, ಅಂದುಕೊಂಡ. ಆಗ ಟ್ರಯಲ್ಸಿನ ಮಾತೇ ಇರಲಿಲ್ಲವಲ್ಲ. ಹೊಟ್ಟೆಕಿಚ್ಚಿಗಾದರೂ ಒಂದು ಲೆಕ್ಕ ಬೇಡವೇ. ಅವ್ವ ಒರೆಸುತ್ತಿದ್ದಾಗ ಅವನ ಮನಸ್ಸಿನಲ್ಲಿ ನೇತ್ರಾ ಇದ್ದಳೇ? ಇರಲಿಲ್ಲ. ಯಾರೂ ಇರಲಿಲ್ಲ. ಒಂದು ತರಹದ ಸುಖವಿತ್ತು, ಅದನ್ನು ಮಾತ್ರ ಅವನು ಇಲ್ಲ ಅನ್ನಲಾರ: ಹೊಳೆಯಲ್ಲಿ ತೇಲಿಹೋಗುವ ಪಾತ್ರೆಯನ್ನು ದಂಡೆಯ ಮೇಲೆ ನಿಂತು ನೋಡುವಾಗಿನ ಸುಖ, ಈಗ ಇಳಿದರೆ ಸಿಕ್ಕೀತು, ಈಗಲೂ ಸಿಕ್ಕೀತು, ಈಗ ಇಲ್ಲ. ಹಾಗಾದರೆ ಅದು ಯಾರ ಪಾತ್ರೆ?

ಫೋನ್ ಕಿಣಿಗುಟ್ಟಿತು. ನೇತ್ರಾ ದನಿ ಮುದ್ರಿಸಿ ಕಳಿಸಿದ್ದಳು. “ಸರ, ನಮ್ಮಪ್ಪ ಹೊಸಾ ಬೂಟ ತರತೇನಂತಾರ್ರಿ, ಹೊಸಾ ಬೂಟ ಹಾಕ್ಕೊಂಡ್ರ ಗುರಿ ತಪ್ಪತೈತೇನ್ರಿ?” ಸ್ವಲ್ಪ ಹೊತ್ತಿಗೆ ಇನ್ನೊಂದು. “ಸರ, ಆರಿಸಿ ಬಂದ್ರ ಪೊಲೀಸ್ ಕೋಟಾದಾಗ ನೌಕರಿ ಸಿಗತೈತಂತ, ನಮ್ಮ ಕಾಕಾ ಅಂದ್ರು. ಇಲ್ಲಂದ್ರ ಈ ವೈಶಾಖದಾಗ ಲಗ್ನ ಅಂತ. ಸುಮ್ಮ ಅಂಜಸ್ತಾರ್ರಿ. ಆದ್ರ ಖರೇನೂ ಇರಬೌದು.” ಕೊನೆಯಲ್ಲಿ ಅವಳ ನಗು. ನಗು ಮುಗಿದ ಮೇಲೆ, ಬಟನ್ ಬಿಡಲು ಮರೆತಳೇನೋ, ಒಂದು ಉಸಿರು. ಅದರ ಹಿಂದೆ ಯಾರೋ ಗಂಡಸು ಗಟ್ಟಿಯಾಗಿ ಮಾತಾಡುವ ಸಪ್ಪಳ. ಸಂಗನಬಸವ ಆ ಉಸಿರನ್ನು ಮತ್ತೊಮ್ಮೆ ಹಚ್ಚಿ ಕೇಳಿದ. ಆಮೇಲೆ ‘ಹಳೇ ಬೂಟ ಛಲೋ’ ಅಂತಷ್ಟೇ ಬರೆದು ಕಳಿಸಿದ.

“ಹುಡುಗೀಗೆ ಹೇಳಿದೇನು?” ಇಮಾಮುದ್ದೀನ ಕೇಳಿದ.

“ಬಿಟ್ಟಮ್ಯಾಲೆ ಹೇಳಿದ್ರಾತು.”

“ಬಿಡಲಿಲ್ಲಂದ್ರ?”

“ಬಿಡತೈತಿ.”

“ಬಿಡತೈತಿ ಅನಕೋತ ಕುಂತ್ರ ಬಿಡೂದಿಲ್ಲಲೇ. ಈಗ ಹೇಳಿದ್ರ ಆಕೀನರ ಎಲ್ಯಾರ ಬಡದ್ಯಾಡತಾಳ ಒಂದ ಬಂದೂಕಿಗೆ. ಆಕಿ ಬಾಯಿ ನಿನ್ನಂಗ ಅಲ್ಲ.” ಇಮಾಮುದ್ದೀನ ಹಲ್ಲು ಕಿರಿದ. ಅವನು ಅಂದದ್ದು ಸರಿಯಿತ್ತು. ನೇತ್ರಾಳೇ ಫೋನ್ ಹಿಡಿದು ಕೇಳಿದರೆ, ಆ ನಗುವಿಗೆ, ಆ ಹಟಕ್ಕೆ, ಎಲ್ಲೋ ಯಾರೋ ಒಬ್ಬರು ಕೊಟ್ಟರೂ ಕೊಟ್ಟಾರು. ಹೊತ್ತಿದೆ ಇನ್ನೂ. ಫೋನ್ ಕೈಯಲ್ಲೇ ಇದೆ. ಸಂಗನಬಸವ ಫೋನನ್ನು ನೋಡಿದ. ನೋಡಿ ಅಂಗಿಯ ಜೇಬಿಗೆ ಹಾಕಿದ. ಹಾಕಿದ ಕೈಯನ್ನೇ, ಅದು ಬೇರೆ ಯಾರದೋ ಎಂಬಂತೆ, ನೋಡಿದ.

ಬಿಸಿಲು ಅಂಗಡಿಯ ಮೆಟ್ಟಿಲಿನಿಂದ ಒಳಗೆ ಸರಿಯುವ ಹೊತ್ತಿಗೆ ಬಂದೂಕನ್ನು ಹೊರಗೆ ತೆಗೆದರು. ಮೈತುಂಬ ಬೆಳ್ಳಗಿನ ಹಿಮ ಹಿಡಿದು, ಅವ್ವ ಎಳೆದ ಮೂರು ಗೆರೆಯೇ ಬೆಳೆದು ಬೆಳೆದು ಇಡೀ ಬಂದೂಕನ್ನು ನುಂಗಿದಂತೆ ಕಂಡಿತು. ಅಂಗಡಿಯ ಹಿಂದಿನ ಕೋಣೆಯಲ್ಲಿ ಇಮಾಮುದ್ದೀನ ನಳಿಗೆಯನ್ನು ಗೋಣಿತಾಟಿನಿಂದ ಸುತ್ತಿ ಹಿಡಿದ. ಸ್ಟಾಕ್ ಕೆಳಗೆ ತೂಗಿತು. ಸಂಗನಬಸವ ಮರದ ಕೊಡತಿಯಿಂದ ನಳಿಗೆಯ ಬುಡದ ಹತ್ತಿರ ಸ್ಟಾಕಿಗೆ ಮೆಲ್ಲಗೆ ತಟ್ಟಿದ. ಏನಿಲ್ಲ. ಇನ್ನೊಂದು. ಏನಿಲ್ಲ. “ಹೆದರಿ ಹೆದರಿ ಹೊಡದ್ರ ಅದು ಏನ ತಿಳಕೋಬೇಕಲೇ” ಅಂದ ಇಮಾಮುದ್ದೀನ. ಜುಲೇಖಾಬಿ ಬಾಗಿಲಲ್ಲಿ ಬಂದು ನಿಂತು ಬಾಯೊಳಗೆ ಏನೋ ದುವಾ ಹೇಳುತ್ತಿದ್ದಳು. ಸಂಗನಬಸವನಿಗೆ ಒಮ್ಮೆಲೇ ಎಲ್ಲರ ಮೇಲೂ ಸಿಟ್ಟು ಬಂತು, ಈ ಮುದುಕಿಯ ದುವಾದ ಮೇಲೆ, ಆ ಮುದುಕಿಯ ವಿಭೂತಿಯ ಮೇಲೆ, ತನಗೆ ಒಳ್ಳೆಯದಾಗಲಿ ಅಂತ ಇಷ್ಟು ಜನ ನಿಂತಿರುವುದರ ಮೇಲೆ. ಜೋರಾಗಿ ಹೊಡೆದ.

ಟಕ್ ಅಂದಿತು. ಎಷ್ಟು ಚೊಕ್ಕ ಸಪ್ಪಳ! ಬಿಡುವಾಗ ಕೇಳಬೇಕಾದದ್ದೇ ಸಪ್ಪಳ. ಇಮಾಮುದ್ದೀನ “ಬಂತಲೇ!” ಅಂತ ಕೂಗಿದ. ಜುಲೇಖಾಬಿ “ಶುಕರ್!” ಅಂದಳು. ಆ ಒಂದು ಗಳಿಗೆ ಸಂಗನಬಸವನ ಎದೆಯಲ್ಲಿ ಒಂದು ಹಕ್ಕಿಯಂಥದು ಎದ್ದಿತು. ಅವನು ನಿಜಕ್ಕೂ ಅದು ಬಿಡಲಿ ಅಂತ ಬಯಸಿದ್ದ, ಈಗ, ಈಗಲಾದರೂ. ಅದು ತಿಳಿದು ಅವನಿಗೆ ಅಳು ಬಂದಂತಾಯಿತು. ಆಮೇಲೆ ಕಂಡಿತು. ಸ್ಟಾಕಿನ ಕೈಹಿಡಿಕೆಯ ಕೊರಳಿನಿಂದ ಹಿಡಿದು ಮುಂದಿನವರೆಗೆ, ಪದರ ಪದರದ ಮರದ ಒಂದು ಪದರಿನ ಗುಂಟ, ಕೂದಲೆಳೆಯಂಥ ಸೀಳು ಬಿಟ್ಟಿತ್ತು. ಇಮಾಮುದ್ದೀನ ನಳಿಗೆ ಅಲ್ಲಾಡಿಸಿದ. ಸೀಳು ಬಾಯಿ ತೆರೆದು ಮುಚ್ಚಿತು. ಉಕ್ಕು ಮಾತ್ರ ಕುಣಿಯಲ್ಲಿ ಹಾಗೇ ಕುಂತಿತ್ತು.

ಇಮಾಮುದ್ದೀನ ನಳಿಗೆಯ ಮೇಲಿನ ಹಿಮವನ್ನು ಗೋಣಿತಾಟಿನಿಂದ ಸುಮ್ಮನೆ ಒರೆಸಿದ. “ಒಯ್ದ ಯಾರಿಗರ ತೋರಸೂಣು. ಹುಬ್ಬಳ್ಳ್ಯಾಗ...” ಅಂದು ನಿಲ್ಲಿಸಿದ. ಬಂದೂಕು ರಿಪೇರಿಯವನು ನೋಡಬೇಕು, ಮರ ಕೆತ್ತಿ ಕೆತ್ತಿ ತೆಗೆಯಬೇಕು, ತೆಗೆದಮೇಲೆ ಕೂರಿಸಲು ಇನ್ನೊಂದು ಸ್ಟಾಕ್ ಬೇಕು. ನಾಡದು ಎಂಬುದು ಅಷ್ಟೆಲ್ಲ ಕೆಲಸದ ಆಚೆ ದಂಡೆಯಲ್ಲಿ ಇಲ್ಲ, ಈಚೆಯಲ್ಲೇ ಇದೆ. ಜುಲೇಖಾಬಿ ಒಂದು ತಟ್ಟೆಯಲ್ಲಿ ಮೆತ್ತಗಾದ ಕುಲ್ಫಿ ತಂದು ಅವನ ಮುಂದಿಟ್ಟಳು. “ತಿನ್ನಪಾ. ಹೆಂಗೂ ಕರಗ್ಯಾವ.” ತಿಂದ. ಸಿಹಿ ಗಂಟಲಲ್ಲಿ ಇಳಿಯುತ್ತಿದ್ದಾಗ, ಇಂಥ ಹೊತ್ತಿನಲ್ಲೂ ಇದು ರುಚಿ ಹತ್ತುತ್ತದಲ್ಲ ಅಂತ ನಾಚಿದ. ನಾಚುತ್ತಲೇ ಇನ್ನೊಂದು ತಿಂದ.

ಮನೆಗೆ ಬಂದಾಗ ಅವ್ವ ಕಟ್ಟೆಯ ಮೇಲೆ ಕೂತು ಮೆಂತ್ಯದ ಸೊಪ್ಪು ಸೋಸುತ್ತಿದ್ದಳು. ಕೌದಿಯನ್ನು ಒಳಗೆ ಒಯ್ದು ಪಡಸಾಲೆಯ ಮೂಲೆಗೆ ಮಲಗಿಸಿದ. ಬಿಚ್ಚಲಿಲ್ಲ. ಈಗ ಹೇಳಬೇಕು. ಹೇಳಬೇಕು ಅಂತ ಫೋನ್ ತೆಗೆದ ಹೊತ್ತಿಗೇ ಅದು ಕುಣಿಯಿತು, ನೇತ್ರಾ.

“ಸರ, ನಾಳೆ ಒಂದಿಷ್ಟು ಹೊಡದ ನೋಡೂಣ್ರಿ? ಹೊಸಾ ಕಟಗಿ ರೂಢಿ ಆಗಬೇಕಲ್ರಿ. ಮುಂಜಾನೇನ ಬರ್ತೇನಿ ಒಡ್ಡಿನ ಕಡೆ.”

“ನೇತ್ರಾ.”

“ಹೂಂ ರಿ?”

“ಬಂದೂಕ ಆಗೂದಿಲ್ಲವಾ.”

“ಅಂದ್ರ?”

ಅವನು ಹೇಳಿದ. ಎಪಾಕ್ಸಿ, ಟ್ರಿಗರ್, ಸೀಳು. ಹೇಳುತ್ತ ಹೇಳುತ್ತ ಮಾತು ಸರಾಗವಾಯಿತು, ತರಗತಿಯಲ್ಲಿ ಪಾಠ ಹೇಳಿದ ಹಾಗೆ. ಅಂಥ ಹುಡುಗಿ ಮಾತಾಡದಿದ್ದದ್ದು ಅವನಿಗೆ ತಡೆಯಲಾಗಲಿಲ್ಲ. ಆ ಖಾಲಿಯೊಳಗೆ ಏನನ್ನಾದರೂ ಹಾಕಿ ತುಂಬಬೇಕಿತ್ತು, ಏನಾದರೂ. “ಪಾಲಿಶ್ ಹಚ್ಚಿದ್ದೆ ನಾ. ಬರೋಬ್ಬರಿ ಹಚ್ಚಿದ್ದೆ. ನಮ್ಮವ್ವ ಒರಸಿಬಿಟ್ಲು, ವಿಭೂತಿ ಹಚ್ಚಾಕಂತ. ಆಕಿಗೇನ ತಿಳೀತೈತಿ. ನನಗ... ನನಗ ಗೊತ್ತಾಗಲಿಲ್ಲ.”

ಅಂದಮೇಲೆ ಹೊರಗೆ ಮೆಂತ್ಯ ಸೋಸುವ ಸಪ್ಪಳ ನಿಂತದ್ದು ಕೇಳಿಸಿತು.

ಆ ಕಡೆ ನೇತ್ರಾ ಮೂಗು ಎಳೆದುಕೊಂಡಳು. ಬೈಯಲಿ ಅಂತ ಅವನು ಕಾದ. ಅವಳು ಬೈಯಲಿಲ್ಲ. “ಸರ, ಅಜ್ಜಿಗೆ ಏನರ ಅಂದೀರೇನ್ರಿ?” ಅಂದಳು. ದನಿ ಬಹಳ ಸಣ್ಣಗಾಗಿತ್ತು. “ಅನಬ್ಯಾಡ್ರಿ. ಪಾಪ, ಒಳ್ಳೇದಾಗ್ಲೆಂತ ಮಾಡ್ಯಾರ. ನಾ... ನಾ ನಾಳೆ ಮನೀಗೆ ಬರ್ತೇನ್ರಿ. ಒಂಬತ್ತಕ್ಕ. ಅಜ್ಜಿ ಕೂಡ ನಾನ ಮಾತಾಡ್ತೇನಿ. ನೀವೇನೂ ಅನಬ್ಯಾಡ್ರಿ ಅವರಿಗೆ, ಹಾಂ?”

“ಬರೂದ ಬ್ಯಾಡ ಈಗ. ದೂರ ಆಗತೈತಿ ನಿನಗ.”

“ಬರ್ತೇನ್ರಿ. ಮನ್ಯಾಗ ಕುಂತ್ರ ಹುಚ್ಚ ಹಿಡೀತೈತ್ರಿ ನನಗ. ಒಂಬತ್ತಕ್ಕ.” ಫೋನ್ ಇಟ್ಟಳು.

ಮಲ್ಲಕ್ಕ ಒಳಗೆ ಬಂದಳು. ಸೆರಗಿನಲ್ಲಿ ಕೈ ಒರೆಸಿಕೊಂಡು, ಕೌದಿಯನ್ನೊಮ್ಮೆ, ಮಗನನ್ನೊಮ್ಮೆ ನೋಡಿದಳು. “ನಾ ಒರಸಿದ್ದಕ್ಕ ಕೆಟ್ಟತೇನು?”

ಅವನು ಗೋಡೆ ನೋಡಿದ.

“ಹೇಳಪಾ. ನಾ ಒರಸಿದ್ದಕ್ಕನ?”

“ಹೂಂ.”

ಅವಳು ಕುಕ್ಕರಗಾಲಲ್ಲಿ ಕೂತಳು, ನಿಧಾನವಾಗಿ, ಒಂದು ಕೈ ನೆಲಕ್ಕೆ ಊರಿ. ಬಹಳ ಹೊತ್ತು ಏನೋ ಕೂಡಿಸಿ ಕಳೆದಂತೆ ತುಟಿ ಅಲ್ಲಾಡಿದವು. ಸಿಟ್ಟಿರಲಿಲ್ಲ ಆ ಮುಖದಲ್ಲಿ; ನಂಬಲಾಗದ ಒಂದು ಸಣ್ಣ ಸೋಜಿಗ ಮಾತ್ರ ಇತ್ತು. “ಆದ್ರ ನಾ ನಿನ್ನ ಕೇಳೇ ಒರಸಿದ್ನೆಲ್ಲೋ. ನೀ ಬಾಗಲದಾಗ ನಿಂತಿದ್ದಿ, ಕೈಯಾಗ ತಗಡ ಹಿಡಕೊಂಡು. ‘ಒರಸ್ಲೇನು?’ ಅಂದೆ. ‘ಹೂಂ’ ಅಂದಿ.”

“ಇಲ್ಲವಾ. ನಾ ಅನ್ಲಿಲ್ಲ.”

“ಅಂದ್ಯಪಾ. ನಾ ಯಾಕ ಸುಳ್ಳ ಹೇಳ್ಲಿ. ನೆಪ್ಪ ಇಲ್ಲೇನು ನಿನಗ?”

ಅಂದಿದ್ದನೇ? ಅವನು ಬಾಗಿಲನ್ನು ನೋಡಿದ. ಅಲ್ಲಿ ನಿಂತ ತನ್ನನ್ನು ಕಾಣಲು ನೋಡಿದ. ಮುಚ್ಚಳದ ಬಿಸಿ ನೆನಪಿತ್ತು, ಸೀಮೆಎಣ್ಣೆಯ ವಾಸನೆ ನೆನಪಿತ್ತು, ಉಕ್ಕು ಬೆಳ್ಳಗಾದದ್ದು ನೆನಪಿತ್ತು. ಬಾಯಿ ನೆನಪಿರಲಿಲ್ಲ.

“ಆ ಹುಡುಗಿ ಬರ್ತಾಳಂತಲ್ಲ” ಅಂದಳು ಮಲ್ಲಕ್ಕ, ಏಳುತ್ತ. “ಬರಲಿ. ನಾನ ಆಕಿಗೆ ಇದ್ದದ್ದ ಇದ್ದಂಗ ಹೇಳ್ತೇನಿ. ಕೇಳಿ ಮಾಡೇನವಾ, ನಾ ಏನ ತಿಳೀದ ಮಾಡಲಿಲ್ಲ, ಅಂತ. ಎಷ್ಟಕ್ಕ ಬರ್ತಾಳಂತ?”

ಸಂಗನಬಸವ ಬಾಗಿ ಕೌದಿಯ ಅಂಚನ್ನು ಎಳೆದು ನಳಿಗೆಯ ತುದಿ ಮುಚ್ಚಿದ.

“ಎಷ್ಟಕ್ಕೋ?”

“ಒಂಬತ್ತಕ್ಕ” ಅಂದ.